ಇಸಿಜಿಯಲ್ಲಿ ಕಾಣದ ಎದೆನೋವು

ಉಜನಿ ಅಣೆಕಟ್ಟೆಯ ಬಾಗಿಲು ತೆರೆದ ಸುದ್ದಿ ಅಫಜಲಪುರಕ್ಕೆ ನೀರಿಗಿಂತ ಮೊದಲು ಬರುತ್ತದೆ. ದೇವಣಗಾಂವ ಸೇತುವೆಯ ಬಳಿ ಕೇಂದ್ರ ಜಲ ಆಯೋಗದವರು ಭೀಮೆಯ ಮಟ್ಟ ಅಳೆಯುತ್ತಾರೆ, ಸೊನ್ನ ಬ್ಯಾರೇಜಿನಿಂದ ಎಷ್ಟು ನೀರು ಬಿಟ್ಟರೆಂಬ ಲೆಕ್ಕ ಹೊರಬೀಳುತ್ತದೆ, ದಂಡೆಯ ಊರುಗಳಲ್ಲಿ ಡಂಗುರ ಹೊಡೆಯುತ್ತಾರೆ. 2020ರ ಅಕ್ಟೋಬರ್‌ನಲ್ಲಿ ಹೊಳೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ಹೊಲ ಮನೆ ಮುಳುಗಿದಾಗ ಬೆಳೆ ಉಳಿಯಲಿಲ್ಲ. ದನಕರು ಬಿಚ್ಚಿಕೊಂಡು ದಿನ್ನೆಗೆ ಹೋಗುವಷ್ಟು ಹೊತ್ತು ಮಾತ್ರ ಬಹಳ ಮಂದಿಗೆ ಸಿಕ್ಕಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಮತ್ತೆ ಏರಿದಾಗಲೂ ಅಷ್ಟೇ. ಹೊಳೆಯ ವಿಷಯದಲ್ಲಿ ನಾವು ಇಷ್ಟಾದರೂ ಕಲಿತಿದ್ದೇವೆ. ಹೊಳೆ ಇಳಿದ ಮೇಲೆ ಮನುಷ್ಯನ ಒಳಗೆ ಏರುತ್ತದಲ್ಲ, ಅದನ್ನು ಅಳೆಯುವ ಕೋಲು ನಮ್ಮಲ್ಲಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ, ಕಲಬುರಗಿ ಜಿಲ್ಲೆಯ ಈ ಮೂರು ತಾಲೂಕುಗಳಿಗೆ ಒಂದು ಅಪಾಯ ಹತ್ತಿರವಾಗುತ್ತಿದೆ. ಆತ್ಮಹತ್ಯೆಯ ಅಂಕಿ ಏರಿದ ದಿನ ಮಾತ್ರ ಎಚ್ಚರಗೊಳ್ಳುವವರಿಗೆ ಅದು ಕಾಣುವುದಿಲ್ಲ. ಅಂಕಿಗೆ ಬಹಳ ಮೊದಲೇ ಅದು ಸುರುವಾಗಿರುತ್ತದೆ: ತನ್ನೊಳಗೆ ಏನಾಗುತ್ತಿದೆ ಎಂಬುದು ಮನುಷ್ಯನಿಗೆ ತಿಳಿಯದೆ ಹೋದಾಗ, ತಿಳಿದರೂ ಹೇಳಿಕೊಳ್ಳಲು ಜಾಗ ಸಿಗದಾಗ. ಹೇಳಿಕೊಳ್ಳುವ ಹಳೆಯ ಜಾಗಗಳು ಇಲ್ಲಿ ಒಂದೊಂದಾಗಿ ಮುಚ್ಚುತ್ತಿವೆ, ಹೊಸವು ತೆರೆಯುತ್ತಿಲ್ಲ.

ಬೆಳಿಗ್ಗೆ ಹತ್ತಕ್ಕೆ ಯಾವುದೇ ತಾಲೂಕು ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ನಿಂತು ಕಿವಿಗೊಡಿ. “ಎದ್ಯಾಗ ಕಲ್ಲಿಟ್ಟಂಗ ಆಗ್ಯಾದ್ರಿ.” “ಕೈಕಾಲ ಜುಮ್ ಅಂತಾವ್ರಿ.” “ತಲಿ ಹಿಂದ ಹಿಡದಂಗ ಆಗ್ತದ, ರಾತ್ರಿ ನಿದ್ದಿ ಇಲ್ಲ.” ಡಾಕ್ಟರು ಬಿಪಿ ನೋಡುತ್ತಾರೆ, ಶುಗರ್ ನೋಡುತ್ತಾರೆ, ಇಸಿಜಿ ತೆಗೆಸುತ್ತಾರೆ. ನೋಡಲೇಬೇಕು, ಎದೆನೋವನ್ನು ಮನಸ್ಸಿನದೆಂದು ಮೊದಲೇ ತಳ್ಳಿಹಾಕುವುದು ಜೀವಕ್ಕೆ ಕುತ್ತು. ಎಲ್ಲವೂ ನಾರ್ಮಲ್ ಬಂದ ಮೇಲೆ ಏನು? ಒಂದು ಸಲಾಯಿನ್, ಒಂದು ಬಿ-ಕಾಂಪ್ಲೆಕ್ಸ್ ಸೂಜಿ, ಮನೆಗೆ. ಮುಂದಿನ ತಿಂಗಳು ಅದೇ ಮುಖ, ಅದೇ ಸಾಲು. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ ಉದ್ಘಾಟನೆಯಾಯಿತು. ಸಂವಿಧಾನದ 371(ಜೆ) ವಿಧಿಯ ನೆನಪಿಗೆ 371 ಹಾಸಿಗೆ. ಹೈದರಾಬಾದಿಗೆ, ಸೊಲ್ಲಾಪುರಕ್ಕೆ ಓಡುತ್ತಿದ್ದ ಜನಕ್ಕೆ ಇದು ದೊಡ್ಡ ಆಸರೆ. ಎದೆಯ ರಕ್ತನಾಳ ಕಟ್ಟಿಕೊಂಡವನಿಗೆ ಈಗ ದಾರಿ ಇದೆ. ಮಾತು ಕಟ್ಟಿಕೊಂಡವನು ಎಲ್ಲಿಗೆ ಹೋಗಬೇಕು?

ನಮ್ಮ ಜನ ನೋವನ್ನು ದೇಹದ ಮಾತಿನಲ್ಲಿ ಹೇಳುವುದಕ್ಕೆ ಅಜ್ಞಾನ ಕಾರಣ ಎಂದು ಪಟ್ಟಣದವರು ತಿಳಿಯುತ್ತಾರೆ. ಅದು ಸರಿಯಲ್ಲ. ಬೆಂಗಳೂರಿನಲ್ಲಿ ಆರ್. ರಘುರಾಮ್, ಮಿಚೆಲ್ ವೈಸ್, ಎಸ್.ಎಂ. ಚನ್ನಬಸವಣ್ಣ ಮುಂತಾದವರು 80 ರೋಗಿಗಳೊಡನೆ ನಡೆಸಿದ ಅಧ್ಯಯನ 1996ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಸೈಕಿಯಾಟ್ರಿ’ಯಲ್ಲಿ ಬಂತು. ಖಿನ್ನತೆಯನ್ನು ಖಿನ್ನತೆಯಾಗಿಯೇ ಅನುಭವಿಸಿ ಹೇಳಿದವರಿಗೆ ಕಳಂಕದ ಅಂಜಿಕೆ ಹೆಚ್ಚಿತ್ತು. ಮೈಕೈ ನೋವಾಗಿ ಹೇಳಿದವರಿಗೆ ಕಡಿಮೆ. ಮೈನೋವು ಎಲ್ಲರಿಗೂ ಬರುತ್ತದೆ, ಅದನ್ನು ಹೇಳಿಕೊಂಡರೆ ಮಗಳ ಮದುವೆ ನಿಲ್ಲುವುದಿಲ್ಲ. ಮನಸ್ಸು ಸರಿಯಿಲ್ಲ ಎಂದರೆ ನಿಲ್ಲಬಹುದು. ಅಂದರೆ ನಮ್ಮ ಅವ್ವಂದಿರು “ಸೊಂಟ ಹಿಡದಾದ” ಎಂದಾಗ ಲೆಕ್ಕ ಹಾಕಿಯೇ ಆಡುತ್ತಾರೆ. ಆದರೆ ಇಪ್ಪತ್ತು ವರ್ಷ ಹಾಗೇ ಹೇಳುತ್ತ ಹೋದರೆ ತನಗಾದದ್ದು ದುಃಖ ಎಂಬುದು ಹೇಳಿದವಳಿಗೇ ಮರೆತುಹೋಗುತ್ತದೆ. ಸೊಂಟದ ಮಾತ್ರೆ ನುಂಗುತ್ತಾಳೆ, ದುಃಖ ಇದ್ದಲ್ಲೇ ಇರುತ್ತದೆ.

ಸಿಟ್ಟು, ಅಂಜಿಕೆ, ನಾಚಿಕೆ, ದುಃಖ ಇವನ್ನು ಗೆಲ್ಲಬೇಕಾದ ವೈರಿಗಳೆಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ನಿಜದಲ್ಲಿ ಅವು ಒಳಗಿನಿಂದ ಬರುವ ವರದಿಗಳು. ನನ್ನ ಎಲ್ಲೆ ಯಾರೋ ದಾಟಿದ್ದಾರೆ ಎನ್ನುತ್ತದೆ ಸಿಟ್ಟು. ಕೈಲಿರುವುದು ಜಾರುವಂತಿದೆ ಎನ್ನುತ್ತದೆ ಅಂಜಿಕೆ. ದುಃಖ ಬಂದರೆ ಹೋದದ್ದಕ್ಕೆ ಎಷ್ಟು ಬೆಲೆಯಿತ್ತು ಎಂದು ತಿಳಿಯುತ್ತದೆ. ವರದಿ ಓದಿದವನು ಮುಂದಿನ ಹೆಜ್ಜೆ ಇಡುತ್ತಾನೆ, ಓದದವನು ಅದರ ಕೈಗೆ ಸಿಗುತ್ತಾನೆ. ತೊಗರಿ ಬೆಳೆದವನನ್ನೇ ನೋಡಿ. 2022ರಲ್ಲಿ ನೆಟೆರೋಗ ಬಂದು ಈ ಜಿಲ್ಲೆಯಲ್ಲಿ ಹೂ ಕಾಯಿ ಬಿಟ್ಟ ತೊಗರಿ ನಿಂತ ನಿಲುವಿನಲ್ಲೇ ಒಣಗಿತು. 2019ರಲ್ಲಿ ಜಿಐ ಗುರುತು ಪಡೆದ, ನಾವೆಲ್ಲ ಎದೆಯುಬ್ಬಿಸಿ ಹೇಳಿಕೊಳ್ಳುವ ಅದೇ ತೊಗರಿ. ಹೊಲ ನೋಡಿ ಬಂದ ಗಂಡಸು ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆ ಎಸೆಯುತ್ತಾನೆ. ಅವನಿಗೆ ಗೊತ್ತಾಗುವುದು ಸಿಟ್ಟು ಮಾತ್ರ. ಸಿಟ್ಟಿನ ಕೆಳಗೆ ಅಂಜಿಕೆ ಇದೆ: ಸೊಸೈಟಿ ಸಾಲ, ಅಂಗಡಿಯ ಉದ್ದರಿ, ಮಗಳ ಫೀಸು. ಅಂಜಿಕೆಯ ಕೆಳಗೆ ನಾಚಿಕೆ ಇದೆ: ನಾನು ಮನೆ ನಡೆಸಲಾರದವನಾದೆ. “ನನಗ ಅಂಜಿಕಿ ಆಗ್ಯಾದ” ಎಂದು ತನಗೆ ತಾನೇ ಹೇಳಿಕೊಂಡರೂ ಸಾಕು, ಅವನು ಬ್ಯಾಂಕಿನ ಮ್ಯಾನೇಜರನ ಮುಂದೆ ಕೂತು ಕಂತು ಮುಂದೂಡಲು ಕೇಳಬಲ್ಲ. ಸಿಟ್ಟೆಂದೇ ತಿಳಿದವನು ಹೆಂಡತಿಯ ಮೇಲೆ ಕೈ ಎತ್ತುತ್ತಾನೆ, ಆಮೇಲೆ ಬಾಟಲಿ ಹಿಡಿಯುತ್ತಾನೆ.

ಇದಕ್ಕೆ ಪ್ರಯೋಗಶಾಲೆಯ ಆಧಾರವೂ ಇದೆ. ಅಮೆರಿಕದ ಜೇಮ್ಸ್ ಗ್ರಾಸ್ ಅವರ ಪ್ರಯೋಗಗಳಲ್ಲಿ, ಭಾವನೆಯನ್ನು ಮುಖದ ಮೇಲೆ ತೋರಿಸದೆ ಅದುಮಿಟ್ಟವರ ಒಳಗಿನ ಸಂಕಟ ಕಡಿಮೆಯಾಗಲಿಲ್ಲ. ದೇಹದ ಒತ್ತಡ ಮಾತ್ರ ಹೆಚ್ಚಿತು. ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ತೋರಿಸಿದ್ದು ಇನ್ನೂ ಸರಳ: ಕಂಡ ಭಾವನೆಗೆ ಹೆಸರಿಟ್ಟರೆ ಸಾಕು, ಮೆದುಳಿನ ಭಯದ ಕೇಂದ್ರದ ಉರಿ ತಗ್ಗುತ್ತದೆ. ಜೇಮ್ಸ್ ಪೆನ್ನಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಕಾಲೇಜು ಹುಡುಗರಿಗೆ ತಮ್ಮ ಬದುಕಿನ ಕೆಟ್ಟ ಅನುಭವವನ್ನು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ಬರೆಯಲು ಹೇಳಿದರು. ಬರೆದ ದಿನ ಮನಸ್ಸು ಕೆಟ್ಟಿತು. ಆದರೆ ಘಟನೆಯ ಜೊತೆಗೆ ಅದರ ನೋವನ್ನೂ ಬರೆದವರು ಮುಂದಿನ ಆರು ತಿಂಗಳು ಆಸ್ಪತ್ರೆಗೆ ಹೋದದ್ದು ಕಡಿಮೆ.

ಇದನ್ನು ಓದಿ ಜೇವರ್ಗಿಯ ಹಿರಿಯರು ನಕ್ಕರೆ ತಪ್ಪಿಲ್ಲ. ಅವರ ಊರಿನ ಷಣ್ಮುಖಸ್ವಾಮಿ ಹದಿನೇಳನೆಯ ಶತಮಾನದಲ್ಲೇ ‘ಅಖಂಡೇಶ್ವರ’ ಅಂಕಿತದಲ್ಲಿ ಏಳುನೂರಕ್ಕೂ ಹೆಚ್ಚು ವಚನ ಬರೆದರು. ಅವುಗಳಲ್ಲಿ ಎಷ್ಟೋ ವಚನಗಳು ಒಬ್ಬ ಗಂಡಸು ಸತಿಯಾಗಿ ನಿಂತು ತನ್ನ ವಿರಹ, ಹಂಬಲ, ತಳಮಳ ಹೇಳಿಕೊಂಡ ವಚನಗಳು. ಗಂಡಸು ಅಳಬಾರದೆಂಬ ಮಾತು ನಮ್ಮ ಪರಂಪರೆಯದೆಂದು ವಾದಿಸುವವರು ಜೇವರ್ಗಿಯ ಈ ಗಂಡಸನ್ನು ಒಮ್ಮೆ ಓದಲಿ. ನೂರು ವರ್ಷ ದಾಟಿ ಬಂದರೆ ಕಡಕೋಳ ಮಡಿವಾಳಪ್ಪ. ಹುಟ್ಟಿದ್ದು ಅಫಜಲಪುರ ತಾಲೂಕಿನ ಬಿದನೂರು, ನೆಲೆ ನಿಂತದ್ದು ಜೇವರ್ಗಿ ಸೀಮೆಯ ಕಡಕೋಳ. ಜನ ಹೇಳುವ ಅವರ ಕಥೆಯಲ್ಲಿ ಹುಟ್ಟಿನ ಕಾರಣಕ್ಕೇ ಉಂಡ ಅವಮಾನ ಬಹಳ. ಆ ಅವಮಾನ ಒಳಗೇ ಕೊಳೆತಿದ್ದರೆ ಹಗೆಯಾಗುತ್ತಿತ್ತು. ಮಡಿವಾಳಪ್ಪ ಅದನ್ನು ಎದುರಿಗೆ ಕೂರಿಸಿ ವಿಚಾರಣೆ ಮಾಡಿದರು. ಅವರ ತತ್ವಪದಗಳಲ್ಲಿ ಮಠದವರಿಗೂ ಜಾತಿಯವರಿಗೂ ಬೈಗುಳವಿದೆ. ಅಷ್ಟೇ ಕಟುವಾಗಿ ತನ್ನ ಮನಸ್ಸಿಗೂ ಇದೆ. ಅವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರಿದ್ದರು, ಖೈನೂರ ಕೃಷ್ಣಪ್ಪನವರಿದ್ದರು. ಏಕತಾರಿ, ದಮ್ಮಡಿ ಹಿಡಿದು ರಾತ್ರಿಯಿಡೀ ಹಾಡುವ ಭಜನೆಯಲ್ಲಿ ಹೊಲದ ಆಳೂ ಗೌಡನೂ ಒಂದೇ ಚಾಪೆಯ ಮೇಲೆ ಕೂತು ತಮ್ಮ ಲೋಭ, ತಮ್ಮ ಕಾಮ, ತಮ್ಮ ಮರಣದ ಅಂಜಿಕೆಯನ್ನು ಹಾಡಿಕೊಳ್ಳುತ್ತಿದ್ದರು. ಫೀಸಿಲ್ಲ, ಅಪಾಯಿಂಟ್‌ಮೆಂಟ್ ಇಲ್ಲ, ಹುಚ್ಚನೆಂಬ ಹೆಸರೂ ಇಲ್ಲ.

ಹೆಂಗಸರಿಗೆ ಬೀಸುಕಲ್ಲಿತ್ತು. ನಸುಕಿನಲ್ಲಿ ಎದುರುಬದುರು ಕೂತು ಬೀಸುತ್ತ, ಅತ್ತೆಯ ಕಾಟ, ತವರಿನ ನೆನಪು, ಸತ್ತ ಕೂಸು ಎಲ್ಲ ಪದವಾಗಿ ಬರುತ್ತಿತ್ತು. ಅತ್ತೆ ಒಳಗೆ ಕೇಳಿಸಿಕೊಂಡರೂ ಹಾಡಿಗೆ ಜಗಳ ತೆಗೆಯುವ ಹಾಗಿರಲಿಲ್ಲ. ಸಾವಿನ ಮನೆಯಲ್ಲಿ ಹಾಡ್ಯಾಡಿ ಅಳುವುದಿತ್ತು: ಹೋದವರ ಗುಣ, ಅವರು ಕೊಟ್ಟ ಪೆಟ್ಟು, ತೀರಿಸದ ಋಣ, ಎಲ್ಲ ಹೆಸರು ಹಿಡಿದು. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಕರ್ಬಲಾದ ರಿವಾಯತ್ ಪದ ಹಾಡಿದವರಲ್ಲಿ ಲಿಂಗಾಯತರೂ ಕುರುಬರೂ ಬಹಳ. ಸಾವಿರದ ಮುನ್ನೂರು ವರ್ಷದ ಹಿಂದೆ ಮಡಿದ ಹುಸೇನರಿಗಾಗಿ ಅಳುವಾಗ ನಮ್ಮ ರೈತ ತನ್ನ ಮನೆಯ ಸಾವಿಗೂ ಒಂದಿಷ್ಟು ಅತ್ತುಕೊಳ್ಳುತ್ತಿದ್ದ. ಯಾಕೆಂದು ಯಾರೂ ಕೇಳುತ್ತಿರಲಿಲ್ಲ.

ಹಿಂದಿನದೆಲ್ಲ ಚಿನ್ನ ಎಂದು ನಾವು ಹೇಳುತ್ತಿಲ್ಲ. ನಾಲ್ಕು ಗಂಟೆಗೆ ಎದ್ದು ಬೀಸಿದ ಭುಜ ಏನೆಂದು ಬೀಸಿದವಳಿಗೆ ಗೊತ್ತು. ಗಿರಣಿ ಬಂದದ್ದು ಪುಣ್ಯ. ಆದರೆ ಕಲ್ಲಿನ ಜೊತೆಗೆ ಪದವೂ ಹೋಯಿತು, ಪದ ಹೋದ ಜಾಗದಲ್ಲಿ ಏನೂ ಬರಲಿಲ್ಲ. ಸಾವಿನ ಮನೆಯ ಅಳುವನ್ನು ಈಗ ಓದಿದ ಮಕ್ಕಳೇ “ಯವ್ವಾ, ಸುಮ್ಮನಿರು, ಮಂದಿ ನೋಡ್ಲಿಕತ್ತಾರ” ಎಂದು ತಡೆಯುತ್ತಾರೆ. ಭಜನೆಗೆ ಕೂರುವವರು ಅಜ್ಜಂದಿರು ಮಾತ್ರ. ಮೊಮ್ಮಗ ಪುಣೆಯಲ್ಲೋ ಬೆಂಗಳೂರಿನಲ್ಲೋ ಕಟ್ಟಡದ ಕೆಲಸದಲ್ಲಿದ್ದಾನೆ. ಗುಳೆ ಹೋದ ಮನೆಗಳಲ್ಲಿ ಮಕ್ಕಳು ಅಜ್ಜಿಯ ಮಡಿಲಲ್ಲಿ ಬೆಳೆಯುತ್ತಿದ್ದಾರೆ, ಅವ್ವನ ಮುಖ ವಾಟ್ಸ್‌ಆ್ಯಪ್ ವಿಡಿಯೊದಲ್ಲಿ. ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: “ಟೆನ್ಷನ್ ಅದ.”

ಉಳಿದಿರುವ ದೊಡ್ಡ ಜಾಗ ಗಾಣಗಾಪುರ. ಭೀಮಾ ಅಮರಜಾ ಸಂಗಮದ ದತ್ತಾತ್ರೇಯ ಕ್ಷೇತ್ರ. ನರಸಿಂಹ ಸರಸ್ವತಿಗಳು ನೆಲೆಸಿದ್ದ ಊರು, ಮರಾಠಿಯ ‘ಗುರುಚರಿತ್ರೆ’ಯ ಊರು. ಮಧ್ಯಾಹ್ನದ ಮಹಾಮಂಗಳಾರತಿಯ ಹೊತ್ತಿಗೆ ಅಲ್ಲಿ ಹೋದವರಿಗೆ ಗೊತ್ತು: ಗಂಟೆ ನಗಾರಿ ಏರುತ್ತಿದ್ದಂತೆ ‘ಗಾಳಿ’ ಹಿಡಿದವರೆಂದು ಕರೆತಂದವರು ಚೀರುತ್ತಾರೆ, ಉರುಳುತ್ತಾರೆ, ಕಂಬ ಹಿಡಿದು ಮೇಲೇರುತ್ತಾರೆ. ಅವರಲ್ಲಿ ಹೆಚ್ಚು ಮಂದಿ ಹೆಂಗಸರು. ಮನೆಯಲ್ಲಿ ಗಂಡನ ಹೆಸರೂ ಎತ್ತದವಳು ಅಲ್ಲಿ ಗಂಡನ ಮನೆಯವರಿಗೆ ಮುಖದ ಮೇಲೆ ಬೈಯುತ್ತಾಳೆ, ಅವರು ಕೈಮುಗಿದು ಕೇಳುತ್ತಾರೆ. ಮಾತಾಡುತ್ತಿರುವುದು ಸೊಸೆಯಲ್ಲ, ಗಾಳಿ. ಮಾನವಶಾಸ್ತ್ರಜ್ಞ ಐ.ಎಂ. ಲೂಯಿಸ್ 1971ರ ಪುಸ್ತಕದಲ್ಲಿ ವಾದಿಸಿದ್ದು ಇದನ್ನೇ: ದನಿ ಇಲ್ಲದವರಿಗೆ ಮೈದುಂಬುವುದು ಒಂದು ದನಿ ಕೊಡುತ್ತದೆ.

ಇದನ್ನು ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ಒರೆಸಿಹಾಕುವವರೊಡನೆ ನಮ್ಮ ತಕರಾರಿದೆ. ತಮಿಳುನಾಡಿನ ಮುತ್ತುಸ್ವಾಮಿ ದೇಗುಲವೊಂದರಲ್ಲಿ ಉಳಿದುಕೊಂಡ 31 ಮನೋರೋಗಿಗಳನ್ನು ಅದೇ ರಘುರಾಮ್ ಮತ್ತು ಸಂಗಡಿಗರು ಅಳೆದು ನೋಡಿದರು. ಔಷಧವಿಲ್ಲದೆ, ಆಸರೆ ಮತ್ತು ಸಣ್ಣಪುಟ್ಟ ಕೆಲಸದಿಂದಲೇ ರೋಗಲಕ್ಷಣದ ಅಂಕ ಸುಮಾರು 20 ಶೇಕಡ ಇಳಿದಿತ್ತು ಎಂದು 2002ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬರೆದರು. ಹಾಗೆಂದು ಕಣ್ಣುಮುಚ್ಚಿ ನಂಬುವವರೊಡನೆಯೂ ತಕರಾರಿದೆ. 2001ರ ಆಗಸ್ಟ್ 6ರಂದು ಅದೇ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾರದೆ ಸುಟ್ಟುಹೋದರು. ಗಾಣಗಾಪುರದಲ್ಲಿ ಅತ್ತು ಹಗುರಾದ ಸೊಸೆ ಹೋಗುವುದು ಅದೇ ಮನೆಗೆ. ಗಾಳಿ ಏನು ಹೇಳಿತೆಂದು ಅವಳನ್ನು ಯಾರೂ ಕೇಳುವುದಿಲ್ಲ. ತಾನು ಹೇಳಿದೆನೆಂದು ಅವಳೂ ಒಪ್ಪುವ ಹಾಗಿಲ್ಲ. ಹಗುರಾಗುವುದು ಒಂದು, ತಿಳಿದುಕೊಳ್ಳುವುದು ಇನ್ನೊಂದು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ ‘ದವಾ ದುವಾ’ ನಡೆದಿದೆ: ದುವಾ ಮಾಡುವವರೇ ರೋಗಿಯನ್ನು ಪಕ್ಕದ ಮನೋವೈದ್ಯರ ಬಳಿಗೂ ಕಳಿಸುತ್ತಾರೆ. ಗಾಣಗಾಪುರದ ಅರ್ಚಕರೊಡನೆ ಜಿಲ್ಲಾಡಳಿತ ಕೂತು ಮಾತಾಡಿದರೆ ಸಂಗಮದ ದಾರಿಯಲ್ಲಿ ಅಂಥದೊಂದು ಕೋಣೆ ತೆರೆಯಲು ಎಷ್ಟು ಖರ್ಚು? ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಸಾವಿರಾರು ಕೋಟಿಯ ಲೆಕ್ಕದಲ್ಲಿ ಅದು ಚಿಲ್ಲರೆಯೂ ಅಲ್ಲ.

ಇನ್ನೊಂದು ಅಪಾಯವನ್ನು ಹೇಳಲು ನಮಗೂ ಸಂಕೋಚವಿದೆ, ಆದರೂ ಹೇಳಲೇಬೇಕು. ತನ್ನ ಸಿಟ್ಟು ಯಾವುದೆಂದು ತಿಳಿಯದವನಿಗೆ ಬೇರೆಯವರ ಸಿಟ್ಟನ್ನು ತೊಡಿಸುವುದು ಬಹಳ ಸುಲಭ. ಆಳಂದದ ಲಾಡ್ಲೆ ಮಶಾಕ್ ದರ್ಗಾ ಮತ್ತು ಅದರ ಆವರಣದ ರಾಘವ ಚೈತನ್ಯ ಲಿಂಗದ ವಿಷಯದಲ್ಲಿ 2022ರ ಮಹಾಶಿವರಾತ್ರಿಯಂದು ಕಲ್ಲು ತೂರಾಟವಾಯಿತು, ನಿಷೇಧಾಜ್ಞೆ ಬಂತು. ಆಮೇಲಿನ ವರ್ಷಗಳಲ್ಲಿ ನ್ಯಾಯಾಲಯ ಹದಿನೈದು ಜನರ ಪೂಜೆಗೆ ಅನುಮತಿ ಕೊಟ್ಟು, ಪೊಲೀಸ್ ಕಾವಲಿನಲ್ಲಿ ಅದು ನಡೆಯಿತು. ಹಕ್ಕಿನ ಪ್ರಶ್ನೆ ನ್ಯಾಯಾಲಯದ್ದು. ನಮ್ಮ ಕಾಳಜಿ ಕಲ್ಲು ಹಿಡಿದ ಹುಡುಗನ ಬಗ್ಗೆ, ಅವನು ಯಾವ ಕಡೆಯವನೇ ಆಗಿರಲಿ. ಕೆಲಸ ಇಲ್ಲದ್ದು, ಮದುವೆಗೆ ಹೆಣ್ಣು ಸಿಗದ್ದು, ಅಪ್ಪ ಎಲ್ಲರೆದುರು ಬೈದದ್ದು, ಇವೆಲ್ಲ ಸೇರಿ ಕುದಿಯುತ್ತಿದ್ದ ಅವನ ನೋವಿಗೆ ಫೋನು ಒಂದು ರಾತ್ರಿಯಲ್ಲಿ ಗುರಿ ತೋರಿಸಿತು. “ಈ ಸಿಟ್ಟು ನನ್ನದೇ ಏನು? ಎಲ್ಲಿಂದ ಬಂತು?” ಎಂದು ಒಂದು ಗಳಿಗೆ ಕೇಳಿಕೊಳ್ಳುವುದು ಅವನಿಗೆ ಬಂದಿದ್ದರೆ ಎಫ್‌ಐಆರ್‌ನಲ್ಲಿ ಅವನ ಹೆಸರಿರುತ್ತಿರಲಿಲ್ಲ. ಮಡಿವಾಳಪ್ಪನ ಎದುರು ಜಲಾಲಸಾಹೇಬರು ಕೂತ ಸೀಮೆ ಇದು.

“ನಮ್ಮ ಕಾಲದಾಗ ಇದೆಲ್ಲ ಇರಲಿಲ್ಲ, ಹೊಟ್ಟಿ ತುಂಬಿದವರ ರೋಗ” ಎನ್ನುವ ಕಾಕಾಗಳಿಗೆ ಸರಕಾರದ್ದೇ ಅಂಕಿ ಇದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಸತ್ತರು, ಕರ್ನಾಟಕದಲ್ಲಿ 13,606. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ದಿನಗೂಲಿಯವರು. ಹೊಟ್ಟೆ ತುಂಬಿದವರು ಎಲ್ಲಿದ್ದಾರೆ ಇದರಲ್ಲಿ? ನೂರಕ್ಕೆ ಸುಮಾರು 72 ಮಂದಿ ಗಂಡಸರು. ಕೃಷಿಯನ್ನು ನಂಬಿದವರ ಸಾವಿನಲ್ಲಿ ಮಹಾರಾಷ್ಟ್ರದ ನಂತರ ಕರ್ನಾಟಕವೇ, 2,392. ಇಂಥ ಸಾವಿಗೆ ಒಂದೇ ಕಾರಣ ಎಂದೂ ಇರುವುದಿಲ್ಲ, ದಾಖಲೆಯಲ್ಲಿ ಮಾತ್ರ ಒಂದೇ ಕಾರಣ ಬರೆಯುತ್ತಾರೆ. ಎಲ್ಲಕ್ಕಿಂತ ಹೆಚ್ಚು ಸಲ, ಸುಮಾರು 32 ಶೇಕಡ, ಬರೆದದ್ದು ‘ಕೌಟುಂಬಿಕ ಸಮಸ್ಯೆ’. ಆ ಎರಡು ಶಬ್ದದ ಹಿಂದೆ ಯಾರೂ ಕೇಳದ ಎಷ್ಟು ಮಾತುಗಳಿದ್ದವು ಎಂದು ಯಾವ ಬ್ಯೂರೋ ಎಣಿಸೀತು? ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹನ್ನೆರಡು ರಾಜ್ಯಗಳನ್ನು ಆರಿಸಿಕೊಂಡಿತ್ತು. ನಿಮ್ಹಾನ್ಸ್ ಇರುವ ಕರ್ನಾಟಕ ಆ ಹನ್ನೆರಡರಲ್ಲಿ ಇರಲಿಲ್ಲ. ಅಲ್ಲಿ ಕಂಡದ್ದು: ಚಿಕಿತ್ಸೆ ಬೇಕಾದವರಲ್ಲಿ, ಕಾಯಿಲೆಗೆ ತಕ್ಕಂತೆ, 70ರಿಂದ 92 ಶೇಕಡ ಮಂದಿಗೆ ಅದು ಸಿಕ್ಕಿಲ್ಲ.

ಮುನ್ಸೂಚನೆ ಕೊಡಲಾರದಷ್ಟು ಕುರುಡಾಗಿ ಈ ಸಂಕಟ ಬರುವುದಿಲ್ಲ. ಈ ಮೂರು ತಾಲೂಕಿನಲ್ಲಿ ಅದಕ್ಕೂ ಪಂಚಾಂಗವಿದೆ. ಮುಂಗಾರಿನಲ್ಲಿ ಬೀಜ ಗೊಬ್ಬರದ ಸಾಲ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಹೊಳೆ ಅಥವಾ ಅತಿವೃಷ್ಟಿ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ಉಂಡು ಚರಗ ಚೆಲ್ಲಿ ಬಂದ ಹಿಂದೆಯೇ ರಾಶಿ, ರಾಶಿಯ ಹಿಂದೆಯೇ ದರದ ಚಿಂತೆ. ಮಾರ್ಚ್‌ನಲ್ಲಿ ಬ್ಯಾಂಕಿನ ನೋಟಿಸು. ವರ್ಷದುದ್ದಕ್ಕೂ ಹೆಂಗಸರ ಸಂಘದ ವಾರದ ಕಂತು. ಕಂತು ತಪ್ಪಿದ ಮನೆಯ ಮುಂದೆ ನಿಂತು ಓಣಿಗೆಲ್ಲ ಕೇಳುವಂತೆ ಕೂಗುವ ವಸೂಲಿಯವರು ಕೀಳುವುದು ದುಡ್ಡನ್ನಲ್ಲ, ಮಾನವನ್ನು. ಇದಕ್ಕೆ ಕಡಿವಾಣ ಹಾಕಲು ರಾಜ್ಯ 2025ರ ಫೆಬ್ರುವರಿಯಲ್ಲಿ ಕಿರು ಸಾಲದ ಬಲವಂತ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಆದರೆ ಠಾಣೆಗೆ ಹೋಗಿ “ನನಗ ಅವಮಾನ ಆತು” ಎನ್ನಬೇಕಾದರೆ ಮೊದಲು ತನಗಾದದ್ದು ಅವಮಾನ, ತನ್ನ ತಪ್ಪಲ್ಲ, ಎಂದು ಅವಳಿಗೆ ಅನ್ನಿಸಬೇಕು.

ಮತ್ತೆ ಮೇ ತಿಂಗಳು. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ 91.12 ಶೇಕಡ ಪಡೆದು ಮೊದಲಾದಾಗ ಕಲಬುರಗಿ 42.43 ಶೇಕಡದೊಂದಿಗೆ ಕೊನೆಗೆ ನಿಂತಿತು. ನೂರಕ್ಕೆ ಐವತ್ತೇಳು ಮಕ್ಕಳಿಗಿಂತ ಹೆಚ್ಚು ಒಂದೇ ಬೆಳಿಗ್ಗೆ ‘ಫೇಲು’. ಅಧಿಕಾರಿಗಳು ಶಿಕ್ಷಕರಿಗೆ ನೋಟಿಸು ಕೊಟ್ಟರು, ಟಿವಿಯವರು ಹಿಂದುಳಿದ ಜಿಲ್ಲೆ ಎಂದರು, ರಾಜಕಾರಣಿಗಳು ಪರಸ್ಪರ ಬೈದರು. ಫೇಲಾದ ಹದಿನಾರು ವರ್ಷದ ಹುಡುಗಿ ಎಲ್ಲಿದ್ದಳು? “ನಾ ದಡ್ಡಿ ಇದ್ದೀನಿ” ಎಂದುಕೊಂಡು ಕೌದಿ ಹೊದ್ದು ಮಲಗಿದ್ದಳು, ಮನೆಯವರು ವರ ಹುಡುಕುವ ಮಾತಾಡುತ್ತಿದ್ದರು. ಒಂದು ಪರೀಕ್ಷೆಯಲ್ಲಿ ಹೀಗಾಯಿತು ಎಂದುಕೊಳ್ಳುವುದಕ್ಕೂ ನಾನೇ ಹೀಗೆ ಎಂದುಕೊಳ್ಳುವುದಕ್ಕೂ ಇರುವ ಅಂತರ ಮಗುವಿಗೆ ಯಾರಾದರೂ ಹೇಳಿಕೊಡಬೇಕು. ಮೊದಲನೆಯದರಲ್ಲಿ ಬೇಸರವಿದೆ, ಬೇಸರದಿಂದ ಓದು ಹುಟ್ಟಬಹುದು. ಎರಡನೆಯದರಲ್ಲಿ ಬರೀ ನಾಚಿಕೆ ಇದೆ, ಅದು ಕೌದಿಯೊಳಗೆ ಮಲಗಿಸುತ್ತದೆ. ಗಣಿತ ಕಲಿಸುವಷ್ಟೇ ಇದೂ ಕಲಿಸುವ ವಿಷಯ, ಆದರೆ ನಮ್ಮ ಯಾವ ಪ್ರೌಢಶಾಲೆಯ ವೇಳಾಪಟ್ಟಿಯಲ್ಲೂ ಇದಕ್ಕೆ ಒಂದು ಪಿರಿಯಡ್ ಇಲ್ಲ.

ದಾರಿಗಳು ಇಲ್ಲದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮದೇ ಭಾಗದ ಬಳ್ಳಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಕಾರ್ಯಕರ್ತೆಯರಿಗೂ ಮನೋರೋಗ ಗುರುತಿಸಲು ಕಲಿಸಿತು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’ ಕಾರ್ಯಕ್ರಮ ರಾಜ್ಯದಲ್ಲಿ ಇದೆ. ಇದೆ ಎಂದು ಎಷ್ಟು ಜನಕ್ಕೆ ಗೊತ್ತು? ಪಲ್ಸ್ ಪೋಲಿಯೊದಷ್ಟು ದೊಡ್ಡ ಬೋರ್ಡು ಇದಕ್ಕೂ ಬೇಕು, ಆಳಂದದ ಬಸ್‌ಸ್ಟ್ಯಾಂಡಿನಲ್ಲೂ ಜೇವರ್ಗಿಯ ಸಂತೆಯಲ್ಲೂ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ಗೆ 14416 ಒತ್ತಿದರೆ ಹಗಲು ರಾತ್ರಿ ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಬದುಕು ಸಾಕೆನಿಸಿದವರೂ, ಮನೆಯಲ್ಲಿ ಅಂಥವರಿದ್ದಾರೆ ಎಂಬ ಸಂಶಯ ಬಂದವರೂ ಇಂದೇ ಈ ಸಂಖ್ಯೆಗೆ ಫೋನು ಹಚ್ಚಲಿ. ಹೊಲಕ್ಕೆ ಹೊಡೆಯುವ ಔಷಧ ಬೀಗದೊಳಗಿರಲಿ, ಕೀಲಿ ಇನ್ನೊಬ್ಬರ ಕೈಲಿರಲಿ. ಪೊಲೀಸ್ ಕೇಸಾಗುತ್ತದೆಂಬ ಅಂಜಿಕೆಯಿಂದ ಆಸ್ಪತ್ರೆಗೆ ತಡಮಾಡುವವರು ಇನ್ನೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ಸಾಯಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. ಹಳೆಯ ದಂಡ ಸಂಹಿತೆಯ 309ನೇ ಕಲಮು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ.

ಆಳಂದ ತಾಲೂಕಿನ ಕಡಗಂಚಿಯಲ್ಲೇ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಅಲ್ಲಿ ಮನಃಶಾಸ್ತ್ರ ವಿಭಾಗವಿದೆ. ಅದರ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ದೂರ ಹೋಗಬೇಕಿಲ್ಲ; ವಾರಕ್ಕೊಮ್ಮೆ ಸುತ್ತಲಿನ ಪ್ರೌಢಶಾಲೆಗಳಿಗೆ ಹೋಗಲಿ. ಎಂಟನೆಯ ತರಗತಿಯ ಹುಡುಗನಿಗೆ ವಾರಕ್ಕೊಂದು ಪುಟ, ಯಾರೂ ಓದದ, ಮಾರ್ಕ್ಸ್ ಇಲ್ಲದ ಪುಟ, ಬರೆಯಲು ಕೊಡಲಿ. ಅವರೊಡನೆ ಊರಿನ ಒಬ್ಬ ತತ್ವಪದಕಾರ ಹೋದರೆ ಇನ್ನೂ ಒಳ್ಳೆಯದು. ಮನಸ್ಸಿಗೆ ಬುದ್ಧಿ ಹೇಳುವ ವಿದ್ಯೆ ಅವನಿಗೆ ಬಾಯಿಪಾಠ ಇದೆ, ಹುಡುಗರಿಗೆ ಆ ಭಾಷೆ ಅರ್ಥವಾಗುತ್ತದೆ. ಕಡಕೋಳದ ಮಠ, ಅರಳಗುಂಡಗಿಯ ಶರಣಬಸವೇಶ್ವರ ಗುಡಿ, ಲಾಡ್ಲೆ ಮಶಾಕ್ ದರ್ಗಾ, ಇವೆಲ್ಲ ದಾಸೋಹ ನಡೆಸಿದ ಪರಂಪರೆಯವು. ಅನ್ನದ ಜೊತೆಗೆ ತಿಂಗಳಿಗೊಂದು ಸಂಜೆ ಗಂಡಸರನ್ನು ಕೂರಿಸಿ, ಸಾಲದ ಬಗ್ಗೆ, ಬೆಳೆ ಹೋದದ್ದರ ಬಗ್ಗೆ ಬಾಯಿಬಿಟ್ಟು ಮಾತಾಡಲು ಜಾಗ ಕೊಟ್ಟರೆ ಯಾವ ಶಾಸ್ತ್ರಕ್ಕೂ ವಿರೋಧವಲ್ಲ.

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದಕ್ಕೆ ಬಜೆಟ್ಟೂ ಬೇಕಿಲ್ಲ, ದಿನಾಂಕವೂ ಮೊದಲೇ ಗೊತ್ತಿರುತ್ತದೆ. ಮುಂದಿನ ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ಹಿಂದಿನ ದಿನ ಮೂರೂ ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳು ಪ್ರತಿ ಶಾಲೆಗೆ ಒಂದು ಆದೇಶ ಕಳಿಸಲಿ. ಫಲಿತಾಂಶ ಬಂದ ಸಂಜೆಯೊಳಗೆ, ಪಾಸಾಗದ ಪ್ರತಿ ಮಗುವಿನ ಮನೆಗೆ ಒಬ್ಬ ಶಿಕ್ಷಕರು ಹೋಗಬೇಕು, ತಾಂಡಾ ಆಗಲಿ, ಹೊಳೆಯಾಚೆಯ ಊರಾಗಲಿ. ಅಪ್ಪ ಅವ್ವನ ಎದುರೇ ಕೂತು ಮುಂದಿನ ಪರೀಕ್ಷೆ ಯಾವಾಗ ಎಂದು ಬರೆದುಕೊಡಬೇಕು. ಚಹಾ ಕುಡಿಯುವಷ್ಟು ಹೊತ್ತು ಅಲ್ಲಿದ್ದು, ಮಗು ಏನಾದರೂ ಹೇಳುವವರೆಗೆ ಏಳಬಾರದು.